ವಾಕ್ಯವೂ ವಿರಾಮವೂ

ಅಕ್ಷರವನ್ನು ತಿದ್ದುವುದು ಸುಲಭ. ವಾಕ್ಯವನ್ನು ತಿದ್ದುವುದು ಕಷ್ಟ. ಒತ್ತಕ್ಷರ ಬಿಟ್ಟುಹೋಗಿದ್ದರೆ, ಅಲ್ಪಪ್ರಾಣವಿರಬೇಕಾದಲ್ಲಿ ಮಹಾಪ್ರಾಣ ಬಂದಿದ್ದರೆ, ಅಧ್ಯಾಪಕರ ಕೆಂಪು ಲೇಖನಿ ಅಲ್ಲೊಂದು ಗೆರೆ ಎಳೆದು ಮುಂದೆ ಸಾಗುತ್ತದೆ. ತಪ್ಪಾವುದು, ಒಪ್ಪಾವುದು ಎಂಬುದಕ್ಕೆ ನಿಘಂಟು ಸಾಕ್ಷಿ ಹೇಳುತ್ತದೆ. ಆದರೆ ಪುಟದ ತಲೆಯಲ್ಲಿ ಹೊರಟ ವಾಕ್ಯ ಪುಟದ ಬುಡದವರೆಗೂ ಎಲ್ಲಿಯೂ ನಿಲ್ಲದೆ ಹರಿದಿದ್ದರೆ, ಇಲ್ಲವೆ ‘ಪರೀಕ್ಷೆ ಹತ್ತಿರ ಬಂದಾಗ’ ಎಂದು ಹೊರಟ ಮಾತು ಅಷ್ಟಕ್ಕೇ ಚುಕ್ಕೆಯಿಟ್ಟು ಕುಳಿತುಬಿಟ್ಟಿದ್ದರೆ, ಗೆರೆಯನ್ನು ಎಲ್ಲಿ ಎಳೆಯಬೇಕು? ಮೊದಲನೆಯದು ಮುಗಿಯಬೇಕಾದಲ್ಲಿ ಮುಗಿಯದ ವಾಕ್ಯ. ಎರಡನೆಯದು ಮುಗಿಯುವ ಮುನ್ನವೇ ಮುಗಿಸಿದ ತುಂಡುವಾಕ್ಯ. ಕನ್ನಡ ಕಲಿಸುವವರಲ್ಲಿ ಈ ಎರಡು ತೊಡಕುಗಳನ್ನು ಎದುರಿಸದವರು ವಿರಳ. ಪರೀಕ್ಷೆಯಲ್ಲಿ ಪ್ರಬಂಧ, ಪತ್ರಲೇಖನ, ಗಾದೆಯ ವಿಸ್ತರಣೆ ಇರುವವರೆಗೂ ಇವು ಉತ್ತರಪತ್ರಿಕೆಯಲ್ಲಿ ಇದ್ದೇ ಇರುತ್ತವೆ.

ಇವು ಅಂಕಕ್ಕೆ ಮಾತ್ರ ಸಂಬಂಧಿಸಿದ ದೋಷಗಳೆಂದು ತಿಳಿಯಲಾಗದು. ವಿದ್ಯಾರ್ಥಿನಿಲಯದ ಹುಡುಗನೊಬ್ಬ ಮನೆಗೆ ಪತ್ರ ಬರೆಯುತ್ತಾನೆಂದು ಭಾವಿಸೋಣ: ‘ಜ್ವರ ಬಂದಿತ್ತು ಈಗ ಇಲ್ಲ ಔಷಧಿ ಮುಗಿದಿದೆ’. ‘ಇಲ್ಲ’ ಎಂಬುದರ ಮುಂದೆ ಚುಕ್ಕೆಯಿಟ್ಟು ಓದಿದರೆ ಜ್ವರ ಇಳಿದಿದೆ, ತಾಯಿ ನೆಮ್ಮದಿಯಾಗಿರಬಹುದು. ‘ಬಂದಿತ್ತು’ ಎಂಬುದರ ಮುಂದೆ ಚುಕ್ಕೆಯಿಟ್ಟು ಓದಿದರೆ ಈಗ ಇಲ್ಲದಿರುವುದು ಜ್ವರವಲ್ಲ, ಔಷಧಿ. ಮೂರು ಮಾತುಗಳ ನಡುವೆ ಒಂದು ಚುಕ್ಕೆ ಎಲ್ಲಿ ಬೀಳಬೇಕೆಂಬುದನ್ನು ಅವಲಂಬಿಸಿ ದೂರದ ಹಳ್ಳಿಯ ಮನೆಯೊಂದರಲ್ಲಿ ಆ ರಾತ್ರಿ ನಿದ್ರೆ ಬರುವುದೋ ಇಲ್ಲವೋ ನಿರ್ಣಯವಾಗುತ್ತದೆ. ಅರ್ಜಿ, ಕರಾರುಪತ್ರ, ಸಾಕ್ಷಿಯ ಹೇಳಿಕೆ, ವೈದ್ಯರಿಗೆ ತಿಳಿಸುವ ರೋಗದ ವಿವರ ಇವೆಲ್ಲವೂ ವಾಕ್ಯವನ್ನೇ ನಂಬಿ ನಿಂತಿವೆ. ವಾಕ್ಯವನ್ನು ಮುಗಿಸಲು ಕಲಿಯದವನ ಮಾತನ್ನು ಮತ್ತೊಬ್ಬರು ತಮಗೆ ತೋಚಿದಂತೆ ಮುಗಿಸುತ್ತಾರೆ.

ಉತ್ತರ ಕರ್ನಾಟಕದ ಒಂದು ಗ್ರಾಮೀಣ ಪ್ರೌಢಶಾಲೆಯಲ್ಲಿ ಬಹುಕಾಲ ಕನ್ನಡ ಕಲಿಸಿದ ಅಧ್ಯಾಪಕರೊಬ್ಬರು ಈ ದೋಷಗಳ ಮೂಲವನ್ನು ಹುಡುಕುತ್ತಿದ್ದುದು ವ್ಯಾಕರಣ ಪುಸ್ತಕದಲ್ಲಲ್ಲ, ಮಕ್ಕಳ ಮನೆಯ ಜಗಲಿಯಲ್ಲಿ. ಅಜ್ಜಿ ಕತೆ ಹೇಳುವಾಗ ಚುಕ್ಕೆಯಿಡುವುದಿಲ್ಲ. ‘ಅವ ಅಡವಿಗೆ ಹೋದ, ಹೋದರ ಅಲ್ಲೊಂದು ಗುಡಿ ಇತ್ತು, ಗುಡಿ ಒಳಗ ಹೊಕ್ಕ, ಹೊಕ್ಕರ ಒಬ್ಬ ಮುದುಕಿ ಕುಂತಿದ್ದಳು’ ಎಂದು ಒಂದು ಮಾತಿನ ಬಾಲವನ್ನು ಹಿಡಿದು ಮತ್ತೊಂದು ಮಾತು ಹೊರಡುತ್ತದೆ. ಆದರೂ ಕೇಳುವ ಮಗುವಿಗೆ ಗೊಂದಲವಿಲ್ಲ. ಏಕೆಂದರೆ ಅಲ್ಲಿ ಇನ್ನೊಂದು ಧ್ವನಿಯಿದೆ: ಮಗು ‘ಹೂಂ’ ಎನ್ನುತ್ತದೆ. ಅಜ್ಜಿ ಪ್ರತಿಯೊಂದು ಸಂಗತಿ ಮುಗಿದಾಗಲೂ ಆ ‘ಹೂಂ’ಗಾಗಿ ಅರೆಗಳಿಗೆ ಕಾಯುತ್ತಾಳೆ, ಅದು ಬರದಿದ್ದರೆ ‘ಮಲಗಿದೆಯೇನು?’ ಎಂದು ಕೇಳುತ್ತಾಳೆ. ಆ ಅಧ್ಯಾಪಕರ ಅಭಿಪ್ರಾಯದಲ್ಲಿ ಪೂರ್ಣವಿರಾಮವೆಂದರೆ ಕಾಗದದ ಮೇಲಿನ ‘ಹೂಂ’. ಬರೆಯುವವನ ಎದುರಿಗೆ ಹೂಂಗುಟ್ಟುವವರು ಯಾರೂ ಇಲ್ಲದಿರುವುದರಿಂದ ಅದನ್ನು ಅವನೇ ಊಹಿಸಿ, ಅವನೇ ಇಡಬೇಕಾಗಿದೆ. ಮಗು ಬರವಣಿಗೆಯಲ್ಲಿ ತಪ್ಪುವುದು ಭಾಷೆ ಬಾರದೆ ಅಲ್ಲ; ಕೇಳುಗನಿಲ್ಲದ ಹೊಸ ಸ್ಥಿತಿಗೆ ಇನ್ನೂ ಹೊಂದಿಕೊಳ್ಳದೆ.

ಈ ವಿಚಾರಕ್ಕೆ ಇತಿಹಾಸದ ಬೆಂಬಲವೂ ಉಂಟು. ಕ್ರಿ.ಶ. 850ರ ಸುಮಾರಿನ ‘ಕವಿರಾಜಮಾರ್ಗ’ವು ಕನ್ನಡನಾಡಿನ ಜನರು ಓದಿನ ಪರಿಶ್ರಮವಿಲ್ಲದೆಯೇ ಕಾವ್ಯಪ್ರಯೋಗದಲ್ಲಿ ಪರಿಣತರೆಂದು ಮೆಚ್ಚಿಕೊಂಡಿದೆ. ಅದೇ ಗ್ರಂಥದ ಮೊದಲನೆಯ ಪರಿಚ್ಛೇದವು ದೋಷ ಮತ್ತು ಅದೋಷಗಳ ವಿವೇಚನೆಗೆ ಮೀಸಲಾಗಿದೆ. ಸಹಜ ಪರಿಣತಿಯನ್ನು ಗೌರವಿಸುವುದು, ದೋಷವನ್ನು ಗುರುತಿಸುವುದು, ಈ ಎರಡೂ ಒಂದೇ ಗ್ರಂಥದಲ್ಲಿ ಜೊತೆಯಾಗಿ ಇರುವುದು ಅಧ್ಯಾಪಕವರ್ಗ ಮನನ ಮಾಡಬೇಕಾದ ಸಂಗತಿ. ಇನ್ನು ಹತ್ತನೆಯ ಶತಮಾನದ ಗದ್ಯಕೃತಿಯಾದ ‘ವಡ್ಡಾರಾಧನೆ’ಯ ವಾಕ್ಯಗಳನ್ನು ನೋಡಿದರೆ, ಒಂದರ ಹಿಂದೊಂದು ಕೃದಂತಾವ್ಯಯಗಳನ್ನು ಪೋಣಿಸಿಕೊಂಡು ಎಷ್ಟೋ ದೂರ ನಡೆದು ಕೊನೆಯಲ್ಲಿ ಒಂದು ಕ್ರಿಯಾಪದದ ಮೇಲೆ ವಿಶ್ರಮಿಸುವ ವಾಕ್ಯಗಳು ಅಲ್ಲಿ ಧಾರಾಳವಾಗಿ ಸಿಗುತ್ತವೆ. ಅವು ಉದ್ದವಾಗಿದ್ದರೂ ದಾರಿ ತಪ್ಪಿದವಲ್ಲ. ತಾಳೆಯ ಗರಿಯ ಮೇಲೆ ಬರೆದವರಿಗೆ ಇಂದಿನ ಅಲ್ಪವಿರಾಮ, ಅರ್ಧವಿರಾಮ, ಪ್ರಶ್ನಾರ್ಥಕಗಳು ಇರಲಿಲ್ಲ. ಒಂಟಿಗೆರೆ, ಜೋಡಿಗೆರೆಗಳಷ್ಟೇ ಇದ್ದವು. 1843ರಲ್ಲಿ ‘ಮಂಗಳೂರ ಸಮಾಚಾರ’ದೊಡನೆ ಕನ್ನಡ ಪತ್ರಿಕೆಗಳ ಯುಗ ಆರಂಭವಾಯಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಪತ್ರಿಕೆ, ಪಠ್ಯಪುಸ್ತಕಗಳ ಮುದ್ರಣ ಬೆಳೆದಂತೆ ಇಂದಿನ ಲೇಖನಚಿಹ್ನೆಗಳು ರೂಢಿಗೆ ಬಂದವು. ಚಿಹ್ನೆಗಳು ಬರುವ ಮೊದಲೂ ಕನ್ನಡದಲ್ಲಿ ವಾಕ್ಯವಿತ್ತು. ಅದು ಎಲ್ಲಿ ಮುಗಿಯುತ್ತದೆಂದು ಓದುಗನಿಗೆ ತಿಳಿಯುತ್ತಿತ್ತು. ಹಾಗೆ ತಿಳಿಯುತ್ತಿದ್ದುದು ಕ್ರಿಯಾಪದದಿಂದ. ಕನ್ನಡದಲ್ಲಿ ಅದು ಸಾಮಾನ್ಯವಾಗಿ ಕೊನೆಯಲ್ಲಿ ಬಂದು, ಲಿಂಗ, ವಚನ, ಪುರುಷಗಳ ಗುರುತನ್ನು ಹೊತ್ತು, ‘ಮಾತು ಮುಗಿಯಿತು’ ಎಂದು ಸಾರುತ್ತದೆ. ಚುಕ್ಕೆ ಅದಕ್ಕೆ ಹಾಕುವ ಮುದ್ರೆ ಮಾತ್ರ.

ಹಾಗಾದರೆ ವಾಕ್ಯ ಪೂರ್ಣವಾಯಿತೆಂದು ನಿರ್ಧರಿಸುವ ಒರೆಗಲ್ಲು ಯಾವುದು? ಭಾರತೀಯ ಶಾಸ್ತ್ರಕಾರರು ಇದನ್ನು ಬಹು ಹಿಂದೆಯೇ ಚರ್ಚಿಸಿದ್ದಾರೆ. ಪದಗಳು ವಾಕ್ಯವಾಗಬೇಕಾದರೆ ಆಕಾಂಕ್ಷೆ, ಯೋಗ್ಯತೆ, ಸನ್ನಿಧಿ ಎಂಬ ಮೂರು ಬೇಕೆಂದು ಅವರು ಹೇಳಿದರು. ಒಂದು ಪದ ಕೇಳಿದೊಡನೆ ಮತ್ತೊಂದು ಪದಕ್ಕಾಗಿ ಮನಸ್ಸಿನಲ್ಲಿ ಏಳುವ ಅಪೇಕ್ಷೆಯೇ ಆಕಾಂಕ್ಷೆ. ಅರ್ಥಕ್ಕೆ ಅರ್ಥ ಹೊಂದುವುದು ಯೋಗ್ಯತೆ. ಹೊಂದಬೇಕಾದುವು ಹತ್ತಿರದಲ್ಲಿರುವುದು ಸನ್ನಿಧಿ. ಮೀಮಾಂಸಾಸೂತ್ರಕಾರನಾದ ಜೈಮಿನಿಯ ಪ್ರಕಾರ, ಪದಸಮೂಹದ ಪ್ರಯೋಜನ ಒಂದೇ ಆಗಿರಬೇಕು ಮತ್ತು ಬೇರ್ಪಡಿಸಿದರೆ ಅದರ ಭಾಗಗಳು ಒಂದನ್ನೊಂದು ಬಯಸುತ್ತ ನಿಲ್ಲಬೇಕು. ಆಗ ಮಾತ್ರ ಅದು ಏಕವಾಕ್ಯ. ವೇದಮಂತ್ರಗಳ ಅರ್ಥನಿರ್ಣಯಕ್ಕಾಗಿ ಹುಟ್ಟಿದ ಈ ಲಕ್ಷಣ ಒಂಬತ್ತನೆಯ ತರಗತಿಯ ನೋಟುಪುಸ್ತಕಕ್ಕೂ ಅಷ್ಟೇ ಚೆನ್ನಾಗಿ ಒಪ್ಪುತ್ತದೆ. ತುಂಡುವಾಕ್ಯದಲ್ಲಿ ಆಕಾಂಕ್ಷೆ ತೀರುವ ಮೊದಲೇ ಚುಕ್ಕೆ ಬೀಳುತ್ತದೆ. ಮುಗಿಯದ ವಾಕ್ಯದಲ್ಲಿ ಆಕಾಂಕ್ಷೆ ತೀರಿದ ಮೇಲೂ ಚುಕ್ಕೆ ಬೀಳುವುದಿಲ್ಲ. ದೋಷಗಳು ಎರಡಾದರೂ ಕೇಳಬೇಕಾದ ಪ್ರಶ್ನೆ ಒಂದೇ: ‘ಇಲ್ಲಿಗೆ ಕೇಳುಗನು ಹೂಂ ಎನ್ನಬಲ್ಲನೆ?’

ಈ ಪ್ರಶ್ನೆಯನ್ನು ಕೈಯಲ್ಲಿ ಹಿಡಿದು ನೋಡಿದರೆ, ಉದ್ದವಾದುದೆಲ್ಲ ತಪ್ಪಲ್ಲವೆಂಬುದು ಮೊದಲು ತಿಳಿಯುತ್ತದೆ. ‘ನಾನು ಬೆಳಿಗ್ಗೆ ಎದ್ದು, ಮುಖ ತೊಳೆದು, ದನಗಳಿಗೆ ಮೇವು ಹಾಕಿ, ರೊಟ್ಟಿ ತಿಂದು, ಎರಡು ಮೈಲಿ ನಡೆದು ಶಾಲೆಗೆ ಬಂದೆನು’ ಎಂಬುದರಲ್ಲಿ ಆರು ಕ್ರಿಯೆಗಳಿವೆ. ಆದರೂ ಅದು ಒಂದೇ ವಾಕ್ಯ. ಎದ್ದವನೂ ತೊಳೆದವನೂ ಬಂದವನೂ ಒಬ್ಬನೇ. ಐದು ಕ್ರಿಯೆಗಳು ಅಪೂರ್ಣವಾಗಿ ನಿಂತು ಆರನೆಯದರ ಹಾದಿ ಕಾಯುತ್ತಿವೆ. ಇದನ್ನು ಆರು ವಾಕ್ಯಗಳಾಗಿ ಕಡಿಯುವವರು ತಿದ್ದಿದಂತಾಗುವುದಿಲ್ಲ, ಭಾಷೆಯ ಜಾಯಮಾನವನ್ನು ಕೆಡಿಸಿದಂತಾಗುತ್ತದೆ. ಆದರೆ ಅದೇ ಹುಡುಗ ‘ನಾನು ಮನೆಗೆ ಹೋಗಿ ಅವ್ವ ಊಟಕ್ಕೆ ಬಡಿಸಿದಳು’ ಎಂದು ಬರೆದರೆ ಸರಪಳಿ ಕಡಿಯುತ್ತದೆ. ‘ಹೋಗಿ’ ಎಂಬುದು ಅದೇ ಕರ್ತೃವಿನ ಮುಂದಿನ ಕ್ರಿಯೆಯನ್ನು ಬಯಸುತ್ತದೆ. ಬಂದುದು ಬೇರೊಬ್ಬರ ಕ್ರಿಯೆ. ‘ನಾನು ಮನೆಗೆ ಹೋದ ಮೇಲೆ ಅವ್ವ ಊಟಕ್ಕೆ ಬಡಿಸಿದಳು’ ಎಂದರೆ ದೋಷ ಪರಿಹಾರವಾಗುತ್ತದೆ. ಹಾಗೆಂದು ಕರ್ತೃ ಬದಲಾದಲ್ಲೆಲ್ಲ ಕೆಂಪು ಗೆರೆ ಎಳೆಯಲೂ ಬಾರದು. ‘ಮಳೆ ಬಂದು ಕೆರೆ ತುಂಬಿತು’ ಎಂಬಲ್ಲಿ ಕರ್ತೃ ಎರಡು. ಆದರೆ ಒಂದು ಇನ್ನೊಂದಕ್ಕೆ ಕಾರಣವಾಗಿರುವುದರಿಂದ ವಾಕ್ಯ ಶುದ್ಧವಾಗಿದೆ. ಸೂತ್ರವನ್ನು ಬಾಯಿಪಾಠ ಮಾಡಿ ತಿದ್ದುವವರು ಇಂಥ ಕಡೆ ಎಡವುತ್ತಾರೆ. ಕಿವಿಯಿಂದ ತಿದ್ದುವವರು ಎಡವುವುದಿಲ್ಲ.

ಮುಗಿಯದ ವಾಕ್ಯದ ಇನ್ನೊಂದು ಬಗೆ ಹೀಗಿದೆ: ‘ಜಾತ್ರೆ ಬಂದಿತು ಜನ ಸೇರಿದರು ತೇರು ಎಳೆದರು ಮಳೆ ಸುರಿಯಿತು ಎಲ್ಲರೂ ಓಡಿದರು ನನ್ನ ಚಪ್ಪಲಿ ಕಳೆಯಿತು’. ಇಲ್ಲಿ ಪ್ರತಿಯೊಂದು ಮಾತೂ ಪೂರ್ಣಕ್ರಿಯಾಪದದಿಂದ ತಾನೇ ಮುಗಿದಿದೆ. ಮುಗಿದುದನ್ನು ಹುಡುಗ ಗಮನಿಸಿಲ್ಲ, ಅಷ್ಟೆ. ಆರು ಚುಕ್ಕೆಗಳನ್ನಿಟ್ಟರೆ ವ್ಯಾಕರಣ ತೃಪ್ತವಾಗುತ್ತದೆ; ಆದರೆ ಆರು ಸಂಗತಿಗಳೂ ಒಂದೇ ತೂಕದವಾಗಿ ಉಳಿಯುತ್ತವೆ. ‘ಜಾತ್ರೆಗೆ ಜನ ಸೇರಿ ತೇರು ಎಳೆದರು. ಅಷ್ಟರಲ್ಲಿ ಮಳೆ ಸುರಿದುದರಿಂದ ಎಲ್ಲರೂ ಓಡಿದರು. ನನ್ನ ಚಪ್ಪಲಿ ಕಳೆಯಿತು’ ಎಂದರೆ ಕಾರಣ ಯಾವುದು, ಕಾರ್ಯ ಯಾವುದು, ಹುಡುಗನಿಗೆ ಮುಖ್ಯವಾದುದು ಯಾವುದು ಎಂಬುದು ತಿಳಿಯುತ್ತದೆ. ವಾಕ್ಯವನ್ನು ಬಿಡಿಸುವುದೂ ಕೂಡಿಸುವುದೂ ಆಲೋಚನೆಯ ಕೆಲಸವೆಂದು ಮಗು ಅರಿಯುವುದು ಇಲ್ಲಿಯೇ. ಇದರ ಜೊತೆಗೆ ‘ಮತ್ತು’ ಎಂಬ ಶಬ್ದದ ಅತಿಬಳಕೆಯನ್ನೂ ಹೇಳಬೇಕು. ‘ಅವನು ಬಂದನು ಮತ್ತು ಕುಳಿತನು’ ಎಂಬುದು ಇಂಗ್ಲಿಷಿನ ಅಚ್ಚಿನಲ್ಲಿ ಎರಕ ಹೊಯ್ದ ವಾಕ್ಯ. ‘ಅವನು ಬಂದು ಕುಳಿತನು’ ಎಂಬುದು ಕನ್ನಡ.

ತುಂಡುವಾಕ್ಯಗಳ ವಿಚಾರದಲ್ಲಿಯೂ ಇದೇ ವಿವೇಕ ಬೇಕು. ‘ನಾನು ನಿನ್ನೆ ಶಾಲೆಗೆ ಬರಲಿಲ್ಲ. ಏಕೆಂದರೆ ನಮ್ಮ ತಂದೆ ಊರಿನಲ್ಲಿ ಇಲ್ಲದ್ದರಿಂದ.’ ಇದು ಶಾಲೆಗಳಲ್ಲಿ ಅತ್ಯಂತ ಪರಿಚಿತವಾದ ದೋಷ. ಕಾರಣವನ್ನು ತಲೆಯಲ್ಲೊಮ್ಮೆ ‘ಏಕೆಂದರೆ’ ಎಂದೂ ಬಾಲದಲ್ಲೊಮ್ಮೆ ‘ಇಂದ’ ಎಂದೂ ಎರಡು ಸಲ ಹೇಳಿದ್ದರೂ ಕ್ರಿಯೆ ಮಾತ್ರ ಬಂದಿಲ್ಲ. ‘ಏಕೆಂದರೆ ನಮ್ಮ ತಂದೆ ಊರಿನಲ್ಲಿ ಇರಲಿಲ್ಲ’ ಎಂದರೂ ಸರಿ. ‘ನಮ್ಮ ತಂದೆ ಊರಿನಲ್ಲಿ ಇಲ್ಲದ್ದರಿಂದ ನಾನು ನಿನ್ನೆ ಶಾಲೆಗೆ ಬರಲಿಲ್ಲ’ ಎಂದರೂ ಸರಿ. ‘ಬಂದಾಗ’, ‘ಬಂದರೆ’, ‘ಬಂದರೂ’, ‘ಬಂದುದರಿಂದ’ ಇವುಗಳ ಮೇಲೆ ಮಾತು ನಿಂತರೆ ಕೇಳುಗನ ಬಾಯಲ್ಲಿ ಬರುವುದು ‘ಹೂಂ’ ಅಲ್ಲ, ‘ಮುಂದೇನು?’ ಆದರೆ ಕ್ರಿಯಾಪದ ಕಾಣದಿದ್ದ ಮಾತ್ರಕ್ಕೆ ವಾಕ್ಯ ಅಪೂರ್ಣವಾಯಿತೆಂದು ತಿಳಿಯುವುದು ತಪ್ಪು. ‘ಇವನು ನನ್ನ ತಮ್ಮ’, ‘ಆ ಮನೆ ಯಾರದು?’ ಇವು ಕ್ರಿಯಾಪದವಿಲ್ಲದೆಯೇ ಪೂರ್ಣವಾದ ಕನ್ನಡ ವಾಕ್ಯಗಳು. ಗಾದೆಗಳಲ್ಲಿ, ವಚನಗಳಲ್ಲಿ, ದಿನನಿತ್ಯದ ಮಾತಿನಲ್ಲಿ ಇಂಥವು ಅಸಂಖ್ಯವಾಗಿವೆ. ‘ಇವನು ನನ್ನ ತಮ್ಮನಾಗಿದ್ದಾನೆ’ ಎಂದು ತಿದ್ದಿದರೆ ಇಲ್ಲದ ಕೊರತೆಯನ್ನು ತುಂಬಿದಂತಾಗುತ್ತದೆ.

ಈ ಭೇದವನ್ನು ಒತ್ತಿ ಹೇಳಲು ಕಾರಣವಿದೆ. ಅದೇ ವಿದ್ಯಾರ್ಥಿ ಮುಂದಿನ ಅವಧಿಯಲ್ಲಿ ಇಂಗ್ಲಿಷ್ ತರಗತಿಗೆ ಹೋಗುತ್ತಾನೆ. ಅಲ್ಲಿ ‘ಇವನು ನನ್ನ ತಮ್ಮ’ ಎಂಬಷ್ಟನ್ನೇ ಪದಕ್ಕೆ ಪದವಿಟ್ಟು ಬರೆದರೆ ವಾಕ್ಯವಾಗುವುದಿಲ್ಲ. ‘ಈಸ್’ ಎಂಬುದು ಬರಲೇಬೇಕು. ಕನ್ನಡದಲ್ಲಿ ‘ಗಾಳಿ ಬೀಸಿತು, ಮಳೆ ಸುರಿಯಿತು’ ಎಂದು ಸಮತೂಕದ ಎರಡು ಕಿರುವಾಕ್ಯಗಳನ್ನು ಅಲ್ಪವಿರಾಮದಿಂದ ಜೋಡಿಸುವುದು ರೂಢಿಯಲ್ಲಿದೆ. ಇಂಗ್ಲಿಷ್ ಶಾಲಾವ್ಯಾಕರಣ ಅದನ್ನು ಸಾಮಾನ್ಯವಾಗಿ ದೋಷವೆಂದೇ ಎಣಿಸುತ್ತದೆ. ಒಬ್ಬ ಅಧ್ಯಾಪಕರು ಒಪ್ಪಿದುದನ್ನು ಇನ್ನೊಬ್ಬರು ಹೊಡೆದುಹಾಕಿದರೆ, ಕಾರಣ ತಿಳಿಯದ ಮಗು ಎರಡು ಭಾಷೆಗಳ ಮೇಲೂ ವಿಶ್ವಾಸ ಕಳೆದುಕೊಳ್ಳುತ್ತದೆ. ಪ್ರತಿಯೊಂದು ಭಾಷೆಗೂ ತನ್ನದೇ ಆದ ನಿಲುಗಡೆಯ ಕ್ರಮವಿದೆಯೆಂದು ಇಬ್ಬರೂ ಕೂಡಿ ಹೇಳಿದರೆ ಅದೇ ಮಗು ಎರಡನ್ನೂ ಕಲಿಯುತ್ತದೆ.

ಮೇಲೆ ಹೇಳಿದ ಆ ಕನ್ನಡ ಅಧ್ಯಾಪಕರು ಒಮ್ಮೆ ‘ಮರೆಯಲಾಗದ ದಿನ’ ಎಂಬ ವಿಷಯ ಕೊಟ್ಟು ಪ್ರಬಂಧ ಬರೆಸಿದರು. ಎಂದೂ ಐದಾರು ಸಾಲುಗಳನ್ನು ಮೀರದಿದ್ದ ಹುಡುಗನೊಬ್ಬ ಅಂದು ಒಂದು ಪುಟ ತುಂಬಿಸಿದ್ದನು. ಪುಟದಲ್ಲಿ ಒಂದು ಚುಕ್ಕೆಯೂ ಇರಲಿಲ್ಲ. ‘ರಾತ್ರಿ ಅಪ್ಪ ಕಂದೀಲು ಹಿಡಿದು ಕೊಟ್ಟಿಗೆಗೆ ಹೋದನು ನಾನೂ ಹಿಂದೆ ಹೋದೆನು ಎತ್ತು ಮಲಗಿತ್ತು ಅಪ್ಪ ಏಳಿಸಿದನು ಏಳಲಿಲ್ಲ ಹಾವು ಕಡಿದು ಎತ್ತು ಸತ್ತಿತ್ತು ಅವ್ವ ಅಳುತ್ತಿದ್ದಳು ಬೆಳಗಾಯಿತು ಬರಿಯ ಗೋದಲಿ ಅಪ್ಪ ಮಾತಾಡಲಿಲ್ಲ’ ಎಂದು ಅದು ಸಾಗಿತ್ತು. ನಿಯಮದ ಪ್ರಕಾರ ತಿದ್ದಿದ್ದರೆ ಪುಟವೆಲ್ಲ ಕೆಂಪಾಗುತ್ತಿತ್ತು. ಅಧ್ಯಾಪಕರು ಲೇಖನಿಯನ್ನು ಮುಚ್ಚಿಟ್ಟು, ಶಾಲೆ ಬಿಟ್ಟ ಮೇಲೆ ಹುಡುಗನನ್ನು ಕರೆದು, ಬರೆದುದನ್ನು ಗಟ್ಟಿಯಾಗಿ ಓದಲು ಹೇಳಿದರು. ತಾವು ಎದುರಿಗೆ ಕುಳಿತು ಹೂಂಗುಟ್ಟುತ್ತ ಹೋದರು. ‘ಏಳಲಿಲ್ಲ’ ಎಂಬಲ್ಲಿಗೆ ಬಂದಾಗ ಹುಡುಗ ನಿಂತುಬಿಟ್ಟನು.

‘ಯಾಕಪಾ, ಇಲ್ಲಿ ಯಾಕ ನಿಂತಿ?’ ಎಂದು ಕೇಳಿದರು.

‘ಇಲ್ಲಿಂದ ಮುಂದ ಓದಾಕ ಆಗವಲ್ದ್ರಿ ಸರ’ ಎಂದನು ಹುಡುಗ.

‘ಹಂಗಾದ್ರ ಅಲ್ಲೊಂದು ಚುಕ್ಕಿ ಇಡು. ಓದೋವ್ರೂ ಅಲ್ಲಿ ನಿಂದರಲಿ’ ಎಂದರು ಅವರು.

ಹುಡುಗ ತಾನೇ ಚುಕ್ಕೆಯಿಟ್ಟನು. ಆಮೇಲೆ ಒಂದೊಂದು ‘ಹೂಂ’ಗೂ ಒಂದೊಂದು ಚುಕ್ಕೆ ಬಿದ್ದಿತು. ‘ಹಾವು ಕಡಿದು ಎತ್ತು ಸತ್ತಿತ್ತು’ ಎಂಬಲ್ಲಿ ಕರ್ತೃ ಎರಡಾದರೂ ಕೂಡಿಸಿದುದು ಸರಿಯೆಂದು ಅಧ್ಯಾಪಕರು ಅದನ್ನು ಮುಟ್ಟಲಿಲ್ಲ. ‘ಬರಿಯ ಗೋದಲಿ’ ಎಂಬ ಎರಡು ಶಬ್ದಗಳ ಮುಂದೆ ಹುಡುಗ ಅನುಮಾನಿಸಿದನು. ಅದಕ್ಕೆ ‘ಇತ್ತು’ ಸೇರಿಸಬೇಕೇ ಎಂದು ಕೇಳಿದನು. ಸೇರಿಸಿದರೂ ತಪ್ಪಿಲ್ಲ, ಸೇರಿಸದಿದ್ದರೂ ಕೇಳುವವರಿಗೆ ಇನ್ನೇನೂ ಬೇಕೆನಿಸುವುದಿಲ್ಲ ಎಂದು ಅಧ್ಯಾಪಕರು ಹೇಳಿ, ನಿರ್ಧಾರವನ್ನು ಅವನಿಗೇ ಬಿಟ್ಟರು. ಹುಡುಗ ಎರಡೇ ಶಬ್ದಗಳನ್ನು ಉಳಿಸಿ ಚುಕ್ಕೆಯಿಟ್ಟನು. ಪುಟದ ಕೆಳಗೆ ಅಧ್ಯಾಪಕರು ಅಂಕ ಬರೆಯುವ ಮುನ್ನ ‘ಎತ್ತಿನ ಹೆಸರೇನಿತ್ತು?’ ಎಂದು ಬರೆದರು. ಮರುದಿನ ನೋಟುಪುಸ್ತಕದಲ್ಲಿ ಉತ್ತರವಾಗಿ ಇನ್ನೊಂದು ಪುಟ ಬಂದಿತ್ತು.

ತಿದ್ದುವಿಕೆಯಲ್ಲಿ ನಿಜವಾಗಿ ಪಣಕ್ಕೆ ಬಿದ್ದಿರುವುದು ಆ ಇನ್ನೊಂದು ಪುಟವೇ. ಎಲ್ಲ ಅಧ್ಯಾಪಕರೂ ಕಂಡಿರುವ ಒಂದು ಬಗೆಯ ವಿದ್ಯಾರ್ಥಿ ಇದ್ದಾನೆ. ಅವನ ಬರವಣಿಗೆಯಲ್ಲಿ ಒಂದು ದೋಷವೂ ಇರುವುದಿಲ್ಲ. ‘ಹಸು ಸಾಧುಪ್ರಾಣಿ. ಅದಕ್ಕೆ ನಾಲ್ಕು ಕಾಲುಗಳಿವೆ. ಅದು ಹಾಲು ಕೊಡುತ್ತದೆ’ ಎಂದು ಮೂರು ಮೂರು ಶಬ್ದಗಳ ವಾಕ್ಯಗಳನ್ನು ಬರೆದು ಅವನು ಸುರಕ್ಷಿತವಾಗಿ ಉತ್ತೀರ್ಣನಾಗುತ್ತಾನೆ. ಎಂದೋ ಒಂದು ದಿನ ಉದ್ದವಾದ ವಾಕ್ಯ ಬರೆಯಹೋಗಿ, ಪುಟದ ತುಂಬ ಕೆಂಪುಗೆರೆ ಕಂಡು, ಮತ್ತೆ ಆ ಸಾಹಸಕ್ಕೆ ಕೈ ಹಾಕದವನು ಅವನು. ಅವನ ವಾಕ್ಯದೋಷ ಹೋಯಿತು; ಅದರ ಜೊತೆಗೆ ವಾಕ್ಯವೂ ಹೋಯಿತು. ‘ಆದರೂ’, ‘ಆದ್ದರಿಂದ’, ‘ಒಂದು ವೇಳೆ’, ‘ಇಲ್ಲದಿದ್ದರೆ’ ಎಂಬ ಶಬ್ದಗಳನ್ನು ಬಳಸಲು ಹೆದರುವವನು ಕಾರಣವನ್ನು, ಸಂಶಯವನ್ನು, ಷರತ್ತನ್ನು, ಭಿನ್ನಾಭಿಪ್ರಾಯವನ್ನು ಹೇಳಲೂ ಹೆದರುತ್ತಾನೆ. ಮುಗಿಯದ ವಾಕ್ಯ ಬರೆಯುವ ಮಗುವಿನಲ್ಲಿ ಹೇಳಬೇಕಾದುದು ಹೆಚ್ಚಾಗಿದೆ, ಕ್ರಮ ಕಡಿಮೆಯಾಗಿದೆ. ಕ್ರಮವನ್ನು ಕಲಿಸಬಹುದು. ಹೇಳಬೇಕೆಂಬ ಆಸೆಯನ್ನು ಒಮ್ಮೆ ಅಳಿಸಿದರೆ ಮತ್ತೆ ಕಲಿಸುವುದು ಸುಲಭವಲ್ಲ.

ಇದರ ಅರ್ಥ ತಿದ್ದಬಾರದೆಂದಲ್ಲ. ತಿದ್ದದೆ ಬಿಡುವುದು ದಯೆಯಲ್ಲ, ಉಪೇಕ್ಷೆ. ಅದರ ಬೆಲೆಯನ್ನು ಮಗು ಮುಂದೆ ಅರ್ಜಿ ಬರೆಯುವಾಗ ತೆರುತ್ತದೆ. ಆದರೆ ಎಲ್ಲವನ್ನೂ ಒಂದೇ ದಿನ ತಿದ್ದಬೇಕಾಗಿಲ್ಲ. ಒಂದು ವಾರ ಚುಕ್ಕೆಯನ್ನೂ, ಮುಂದಿನ ವಾರ ‘ಏಕೆಂದರೆ’ಯನ್ನೂ, ಅದರ ಮುಂದಿನ ವಾರ ಕರ್ತೃ ಬದಲಾಗುವ ವಾಕ್ಯವನ್ನೂ ಎತ್ತಿಕೊಳ್ಳಬಹುದು. ಅಧ್ಯಾಪಕರು ತಾವೇ ತಿದ್ದಿ ಕೊಡುವುದಕ್ಕಿಂತ ಅಂಚಿನಲ್ಲಿ ಒಂದು ಗುರುತು ಮಾಡಿ, ತಪ್ಪನ್ನು ಹುಡುಗನೇ ಹುಡುಕುವಂತೆ ಮಾಡಬಹುದು. ಇಬ್ಬಿಬ್ಬರನ್ನು ಜೊತೆಗೆ ಕೂರಿಸಿ ಒಬ್ಬ ಓದಿ ಒಬ್ಬ ಹೂಂಗುಟ್ಟುವಂತೆ ಏರ್ಪಡಿಸಬಹುದು. ಇದಕ್ಕೆ ಹಣ ಬೇಡ, ಯಂತ್ರ ಬೇಡ, ಕಿವಿ ಸಾಕು.

ಕಿವಿಯ ಜೊತೆಗೆ ಕಾಲವೂ ಬೇಕೆಂಬುದನ್ನು ಮಾತ್ರ ಮರೆಯುವಂತಿಲ್ಲ. ತರಗತಿಯಲ್ಲಿ 60 ಮಕ್ಕಳಿದ್ದು, ವಾರಕ್ಕೊಂದು ಪುಟ ಬರೆಸಿ, ಪುಟಕ್ಕೆ 5 ನಿಮಿಷ ಕೊಟ್ಟರೂ 300 ನಿಮಿಷಗಳಾಗುತ್ತವೆ. ಎಂದರೆ ಒಂದು ತರಗತಿಗೇ ವಾರಕ್ಕೆ ಪೂರಾ 5 ಗಂಟೆ. ಮೂರು ತರಗತಿಗಳಿದ್ದರೆ 15 ಗಂಟೆ. ಇದು ಪಾಠದ ವೇಳಾಪಟ್ಟಿಯಲ್ಲಿ ಕಾಣುವುದಿಲ್ಲ, ವರದಿಗಳಲ್ಲಿ ದಾಖಲಾಗುವುದಿಲ್ಲ. ವಿದ್ಯಾಸಂಸ್ಥೆಗಳಿಗೆ ಉದಾರವಾಗಿ ನೆರವಾಗುವ ಮಹನೀಯರು ಕಟ್ಟಿಸಿದ ಕೊಠಡಿಯ ಮೇಲೆ ಅವರ ಹೆಸರಿನ ಕಲ್ಲು ಇರುತ್ತದೆ, ಇರಬೇಕಾದುದೂ ಯುಕ್ತವೇ. ಆದರೆ ಆ ಕೊಠಡಿಯಲ್ಲಿ ಮಕ್ಕಳ ಸಂಖ್ಯೆ ಮಿತವಾಗಿದ್ದು, ಅಧ್ಯಾಪಕರಿಗೆ ಒಂದೊಂದು ನೋಟುಪುಸ್ತಕವನ್ನೂ ಓದುವ ಬಿಡುವು ದೊರೆತರೆ, ಅದು ಯಾವ ಕಲ್ಲಿನ ಮೇಲೂ ಬರೆಯಲಾಗದ ದಾನವಾಗುತ್ತದೆ. ಹಳೆಯ ವಿದ್ಯಾರ್ಥಿಗಳು ತಮ್ಮ ಶಾಲೆಯನ್ನು ನೆನೆಯುವಾಗ ಗೋಡೆಗಳಿಗಿಂತ ಮೊದಲು ತಮ್ಮ ಬರಹವನ್ನು ಓದಿದವರನ್ನು ನೆನೆಯುತ್ತಾರೆಂಬುದು ಎಲ್ಲ ಊರುಗಳ ಅನುಭವ.

ಪೂರ್ಣವಿರಾಮ ಬಹು ಚಿಕ್ಕ ಚಿಹ್ನೆ. ಅದನ್ನು ಎಲ್ಲಿಡಬೇಕೆಂದು ತಿಳಿದವನಿಗೆ ತನ್ನ ಮಾತು ಎಲ್ಲಿಗೆ ಮುಟ್ಟಿತೆಂದು ತಿಳಿದಿರುತ್ತದೆ. ಕೇಳುವವರು ಇದ್ದಾರೆಂಬ ನಂಬಿಕೆಯೂ ಅವನಿಗಿರುತ್ತದೆ. ಆ ತಿಳಿವಳಿಕೆಯನ್ನು ಕೊಡುವುದು ವ್ಯಾಕರಣದ ಕೆಲಸ. ಆ ನಂಬಿಕೆಯನ್ನು ಕೊಡುವುದು ಅಧ್ಯಾಪಕರ ಕೆಲಸ. ಇವೆರಡೂ ಕೂಡಿದಲ್ಲಿ ಮಕ್ಕಳ ವಾಕ್ಯಗಳು ತಮ್ಮಷ್ಟಕ್ಕೆ ತಾವೇ ನಿಲ್ಲಬೇಕಾದಲ್ಲಿ ನಿಂತು, ನಡೆಯಬೇಕಾದಲ್ಲಿ ನಡೆಯುತ್ತವೆ.